ಬೋಟು ಎಬ್ಬಿಸಿದ ಅಲೆ

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಅಗಲವಾದ ಹಿನ್ನೀರಿನ ದಂಡೆಯಲ್ಲಿ ಚಿದಂಬರ ಗುರುಗಳ ಆಶ್ರಮವಿತ್ತು.

ಒಂದು ಬೆಳಿಗ್ಗೆ ಗುರುಗಳ ಸ್ನೇಹಿತ ಅಂತೋನ್ ಹೊಸ ಮೋಟರ್ ಬೋಟು ತಂದು ದಡಕ್ಕೆ ನಿಲ್ಲಿಸಿದ.

"ಇವತ್ತು ಇಡೀ ದಿನ ನೀರ ಮೇಲೆ. ನೀವು ಬರಲೇಬೇಕು."

ಅವನ ಮಾತು ಮುಗಿಯುವ ಮೊದಲೇ ಗುರುಗಳು ಪಂಚೆ ಎತ್ತಿಕಟ್ಟಿ ಬೋಟಿನಲ್ಲಿ ಕುಳಿತಾಗಿತ್ತು.

ಶಿಷ್ಯ ಗವಿಸಿದ್ಧ ದಡ ಬಿಟ್ಟು ಕದಲಲಿಲ್ಲ. ಕೊಪ್ಪಳದ ಕಡೆಯವನು. ಇಷ್ಟು ನೀರನ್ನು ಅವನು ಕಂಡದ್ದೇ ಆಶ್ರಮಕ್ಕೆ ಬಂದ ಮೇಲೆ.

"ಗುರುಗಳೇ, ಇದು ಬರೀ ಮೋಜು. ಸಾಧನೆ ಮಾಡುವವನಿಗೆ ಮೋಜು ಸಲ್ಲುತ್ತದೆಯೇ?"

"ಹತ್ತಿ ನೋಡು. ಸಲ್ಲದಿದ್ದರೆ ಇಳಿದುಬಿಡು."

"ನಡುನೀರಿನಲ್ಲಿ ಹೇಗೆ ಇಳಿಯಲಿ?"

"ಅದೂ ಹೌದು," ಎಂದು ಗುರುಗಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದರು.

ಇಂಜಿನ್ ಗುಡುಗಿತು. ಬೋಟಿನ ಮೂತಿ ಮೇಲೆದ್ದಿತು. ಗವಿಸಿದ್ಧ ಕಣ್ಣು ಮುಚ್ಚಿ ಜಪಕ್ಕೆ ತೊಡಗಿದ.

ಒಂದು ಬೊಗಸೆ ಉಪ್ಪುನೀರು ಮುಖಕ್ಕೆ ರಪ್ಪೆಂದು ಬಡಿಯಿತು. ಕಣ್ಣು ಬಿಟ್ಟ.

ಬೆಳ್ಳಕ್ಕಿಗಳ ದೊಡ್ಡ ಹಿಂಡೊಂದು ಬೋಟಿನ ಜೊತೆ ಜೊತೆಗೇ ಹಾರುತ್ತಿತ್ತು. ಮೀನೊಂದು ನೀರಿನಿಂದ ಚಿಮ್ಮಿ, ಬಿಸಿಲಲ್ಲಿ ಹೊಳೆದು, ಮತ್ತೆ ಮುಳುಗಿತು. ದೂರದಲ್ಲಿ ಸಮುದ್ರದ ನೊರೆ ಬೆಳ್ಳಗೆ ಕುದಿಯುತ್ತಿತ್ತು.

ಜಪ ಎಲ್ಲಿ ನಿಂತಿತೋ ಅವನಿಗೇ ತಿಳಿಯಲಿಲ್ಲ. ಎದ್ದು ನಿಂತಿದ್ದ.

ಅಂತೋನ್ ನಕ್ಕ. "ಇಲ್ಲಿ ನೀರು ಅಗಲ ಇದೆ. ಬನ್ನಿ, ನೀವೇ ಸ್ಟೇರಿಂಗ್ ಹಿಡೀರಿ."

ಗವಿಸಿದ್ಧ ಹಿಡಿದ. ಬಲಕ್ಕೆ ತಿರುಗಿಸಿದರೆ ಇಡೀ ಬೋಟು ಬಲಕ್ಕೆ ವಾಲಿತು. ಎಡಕ್ಕೆ ತಿರುಗಿಸಿದರೆ ಎಡಕ್ಕೆ. ವೇಗ ಹೆಚ್ಚಿಸಿದ. ಇನ್ನೂ ಹೆಚ್ಚಿಸಿದ. "ಹೋ!" ಎಂಬ ಕೂಗು ತಾನಾಗಿಯೇ ಅವನ ಬಾಯಿಂದ ಹೊರಟಿತು.

ಗುರುಗಳು ಮಾತ್ರ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದರು.

"ಗವಿಸಿದ್ಧ, ತಿರುಗಿ ನೋಡು."

ಅವನಿಗೆ ಕೇಳಿಸಲಿಲ್ಲ.

"ತಿರುಗಿ ನೋಡೋ!"

ನೋಡಿದ. ಬೋಟು ಎಬ್ಬಿಸಿದ ಅಲೆ ದಂಡೆಯ ತನಕ ಹೋಗಿತ್ತು. ಅಲ್ಲೊಂದು ಸಣ್ಣ ದೋಣಿ ಬೋರಲು ಬಿದ್ದಿತ್ತು. ಅದರಲ್ಲಿದ್ದವರ ತಲೆ ನೀರಿನ ಮೇಲೆ ಕಾಣಲಿಲ್ಲ.

ಅವನು ತಕ್ಷಣ ಬೋಟನ್ನು ಹಿಂದಕ್ಕೆ ತಿರುಗಿಸಿದ. ಹತ್ತಿರ ಬರುತ್ತಲೇ ಸ್ಟೇರಿಂಗ್ ಅಂತೋನ್ ಕೈಗೆ ಬಿಟ್ಟು, ಈಜು ಬಾರದ ಗವಿಸಿದ್ಧ ನೀರಿಗೆ ಹಾರಿಬಿಟ್ಟ.

ಮುಳುಗಿದ. ಕೈಕಾಲು ಬಡಿದ. ಕಾಲಿಗೆ ಮರಳು ತಾಗಿತು. ಎದ್ದು ನಿಂತರೆ ನೀರು ಎದೆಮಟ್ಟ.

ಬೋರಲು ಬಿದ್ದ ದೋಣಿಯ ಆಚೆಯಿಂದ ಹೆಂಗಸೊಬ್ಬಳು ಮುಖ ಒರೆಸಿಕೊಳ್ಳುತ್ತ ಎದ್ದಳು. ನೀರಿನ ತಳದಲ್ಲಿ ಸಿಗುವ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವ ಹೊನ್ನಮ್ಮ.

"ಕಣ್ಣು ಕಾಣೂದಿಲ್ವಾ ನಿಮ್ಗೆ? ಬೆಳಗಿಂದ ಹೆಕ್ಕಿದ್ದೆಲ್ಲ ನೀರಿಗೆ ಹೋಯ್ತು! ನೋಡಿದ್ರೆ ಸ್ವಾಮ್ಯಾರು, ಬೋಟು ಬಿಡೂದು ಹಿಂಗೆ!"

ಗವಿಸಿದ್ಧ ಕೈ ಮುಗಿದ. "ತಪ್ಪಾಯ್ತಮ್ಮ." ಆಮೇಲೆ ಬೋಟಿನ ಕಡೆ ತಿರುಗಿದ. "ಸಂತೋಷ ನನ್ನನ್ನು ಕುರುಡ ಮಾಡಿತು, ಗುರುಗಳೇ. ಇವತ್ತಿಂದ ನಾನು ಸಂತೋಷವನ್ನೇ ಬಿಟ್ಟೆ."

ಗುರುಗಳು ತೇಲುತ್ತಿದ್ದ ಬುಟ್ಟಿಯನ್ನು ಎಳೆದು ಅವನ ಕೈಗಿತ್ತರು.

"ಬಿಡುವುದು ಆಮೇಲೆ. ಮೊದಲು ಹೆಕ್ಕು."

ಗುರುಗಳೂ ನೀರಿಗಿಳಿದರು. ಅಂತೋನ್ ಬೋಟಿಗೆ ಲಂಗರು ಹಾಕಿ ಇಳಿದ. ಮರಳಲ್ಲಿ ಕಾಲಾಡಿಸಿ, ಚಿಪ್ಪು ತಾಗಿದಾಗ ಮುಳುಗಿ ತೆಗೆಯಬೇಕು. ಗವಿಸಿದ್ಧನ ಕೈಗೆ ಮೊದಮೊದಲು ಕಲ್ಲುಗಳೇ ಬಂದವು. ಹೊನ್ನಮ್ಮ ಬೈದಳು. ಆಮೇಲೆ ನಕ್ಕಳು. ಒಮ್ಮೆ ಅವನು ಎರಡು ಕೈ ತುಂಬ ಚಿಪ್ಪು ಹಿಡಿದು ಮೇಲೆದ್ದಾಗ "ಶಾಬಾಸ್!" ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಬುಟ್ಟಿ ತುಂಬಿತು. ಎಲ್ಲರೂ ಸೇರಿ ದೋಣಿಯನ್ನು ನೆಟ್ಟಗೆ ಮಾಡಿದರು. ಹೊನ್ನಮ್ಮ ಅದನ್ನು ದಂಡೆಯ ಗೂಟಕ್ಕೆ ಬಿಗಿದು, ಬುಟ್ಟಿಯನ್ನು ಮೇಲೆ ಇಟ್ಟುಬಂದಳು. ಬೋಟನ್ನೇ ನೋಡುತ್ತ ನಿಂತಳು.

"ಹುಟ್ಟಿದಾಗಿಂದ ಈ ನೀರಲ್ಲೇ ಇದ್ದೆ. ಇಂಥಾ ಹಾರೂ ಬೋಟಲ್ಲಿ ಕೂತದ್ದಿಲ್ಲ. ಒಂದು ಸುತ್ತು ಕರ್ಕೊಂಡು ಹೋಗಿ."

"ಬನ್ನಿ, ನಾನು ಬಿಡ್ತೇನೆ," ಎಂದ ಅಂತೋನ್.

"ನೀವಲ್ಲ. ಮಗುಚಿ ಹಾಕಿದವ್ರೇ ಬಿಡ್ಬೇಕು."

ಗವಿಸಿದ್ಧ ತಲೆಯಾಡಿಸಿದ. "ಬೇಡಮ್ಮ. ನಾನು ಇನ್ನು ಅದನ್ನು ಮುಟ್ಟೋದಿಲ್ಲ."

"ನನ್ನ ಅರ್ಧ ದಿನ ಹಾಳು ಮಾಡಿ, ಇಷ್ಟೂ ಮಾಡೂದಿಲ್ವಾ?"

ಅವನು ಹೋಗಿ ಸ್ಟೇರಿಂಗ್ ಹಿಡಿದ.

ಬೋಟು ದಂಡೆ ಬಿಟ್ಟು ಮೆಲ್ಲಗೆ ಹೊರಟಿತು. ನಡುನೀರಿಗೆ ಬಂದರೂ ಮೆಲ್ಲಗೇ ಹೋಗುತ್ತಿತ್ತು. ಗವಿಸಿದ್ಧ ಗಳಿಗೆಗೊಮ್ಮೆ ಹಿಂತಿರುಗುತ್ತಿದ್ದ.

"ಎಂತ ಸ್ವಾಮ್ಯಾರೇ, ನನ್ನ ದೋಣಿಯೇ ಇದ್ಕಿಂತ ಜೋರು ಹೋಗ್ತದೆ!"

ಅಂತೋನ್ ಬಿದ್ದು ಬಿದ್ದು ನಕ್ಕ. ಗವಿಸಿದ್ಧನಿಗೆ ಮಾತ್ರ ನಗು ಬರಲಿಲ್ಲ.

"ಗುರುಗಳೇ, ವೇಗ ಹೆಚ್ಚಿಸಲು ಕೈ ಏಳುತ್ತಿಲ್ಲ. ಏನು ಮಾಡಲಿ?"

ಗುರುಗಳು ಎದ್ದು ನಿಂತರು. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮುಂದೆ ನೋಡಿದರು. ತಿರುಗಿ, ಅಷ್ಟೇ ಹೊತ್ತು ಹಿಂದೆ ನೋಡಿದರು. ಎರಡೂ ದಂಡೆಗಳನ್ನು ನೋಡಿದರು. ಆಮೇಲೆ ಹೊನ್ನಮ್ಮನ ಪಕ್ಕ ಕುಳಿತು, ಬೋಟಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಮುಂದೆ ಯಾರೂ ಇಲ್ಲ. ಹಿಂದೆಯೂ ಯಾರೂ ಇಲ್ಲ. ಇನ್ನು ಯಾರಿಗೆ ಕಾಯುತ್ತಿದ್ದೀಯ? ಓಡಿಸಪ್ಪಾ!"