ಬಿಡಲೊಲ್ಲದ ಹಗ್ಗ

ದೇವು ಖಾರ್ವಿಯ ಪುಟ್ಟ ದೋಣಿಯಲ್ಲಿ ಹಾಯಿಯನ್ನು ಬಿಗಿದು ಸಡಿಲಿಸುತ್ತಿದ್ದ ಸಣಕಲು ಹಗ್ಗ ಸವೆದುಹೋಗಿತ್ತು. ಪೇಟೆಗೆ ಹೋಗಿ ಅಂಥದ್ದೇ ಇನ್ನೊಂದನ್ನು ತರಲು ಅವನಿಗೆ ಸೋಮಾರಿತನ. ಲಂಗರಿಗೆ ಕಟ್ಟುತ್ತಿದ್ದ ದಪ್ಪ ಹಗ್ಗವನ್ನೇ ಬಿಚ್ಚಿ, ರಾಟೆಯೊಳಗೆ ಒತ್ತಿ ತೂರಿಸಿ ಹಾಯಿಗೆ ಕಟ್ಟಿದ. ಹಳೆಯದನ್ನು ದಂಡೆಗೆ ಎಸೆದ.

"ಅಣ್ಣಾ, ಒಂದು ಮಾತು," ಎಂದಿತು ಬಿದ್ದಿದ್ದ ಸಣಕಲು ಹಗ್ಗ. "ಲಂಗರಿನಲ್ಲಿ ಹಿಡಿದುಕೊಂಡರೆ ಸಾಕಿತ್ತು. ಹಾಯಿಯ ಕೆಲಸ ಹಾಗಲ್ಲ. ಗಾಳಿ ಬಡಿದು ದೇವು ಕೈ ಸಡಿಲಿಸಿದ ಕೂಡಲೇ ಸರ್ರನೆ ಜಾರಬೇಕು. ನಿನಗದು ಬರುತ್ತದೆಯೇ?"

"ಹಿಡಿದದ್ದನ್ನು ಬಿಡುವುದು ಕೈಲಾಗದವರ ಚಾಳಿ," ಎಂದಿತು ದಪ್ಪ ಹಗ್ಗ. "ನಮ್ಮ ವಂಶದಲ್ಲಿ ಬಿಟ್ಟವರೂ ಇಲ್ಲ, ಹರಿದವರೂ ಇಲ್ಲ."

ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟುತ್ತಿದ್ದಂತೆ ಬಿರುಗಾಳಿ ಎದ್ದದ್ದನ್ನು ಸಣಕಲು ಹಗ್ಗ ದಂಡೆಯಿಂದಲೇ ನೋಡಿತು. ದೋಣಿ ವಾಲಿತು. ದೇವು ಹಗ್ಗ ಸಡಿಲಿಸಿದ. ಆದರೆ ನೀರು ಕುಡಿದು ಊದಿದ್ದ ದಪ್ಪ ಹಗ್ಗ ರಾಟೆಯಲ್ಲಿ ಕಚ್ಚಿಕೊಂಡಿತು. ಹಾಯಿ ಬಿಗಿದೇ ಇತ್ತು.

"ಬಿಡು ಮಾರಾಯಾ, ಬಿಡು!" ಎಂದು ಸಣಕಲು ಹಗ್ಗ ಕೂಗಿಕೊಂಡಿತು. ದೋಣಿ ಮಗುಚಿತು.

ಮರುದಿನ ಅಲೆಗಳು ದೇವುವಿನ ಹೆಣವನ್ನೂ, ರಾಟೆ ಸಮೇತ ಮುರಿದ ಹಾಯಿಮರವನ್ನೂ ದಂಡೆಗೆ ತಂದು ಹಾಕಿದವು. ದಪ್ಪ ಹಗ್ಗ ಇನ್ನೂ ರಾಟೆಯನ್ನು ಕಚ್ಚಿಕೊಂಡೇ ಇತ್ತು.

"ನೋಡಿದೆಯಾ?" ಎಂದಿತು ಅದು. "ಕೊನೆಯವರೆಗೂ ನಾನು ಬಿಡಲಿಲ್ಲ."

ಅಷ್ಟರಲ್ಲಿ ಯಾರೋ ಸಣಕಲು ಹಗ್ಗವನ್ನು ಎತ್ತಿಕೊಂಡು ಹೋದರು. ದೇವುವನ್ನು ಚಟ್ಟಕ್ಕೆ ಕಟ್ಟಲು ಸಣ್ಣ ಹಗ್ಗವೇ ಬೇಕಾಗಿತ್ತು.