ಮೂಳೆಯ ಚೀಲ

"ಗುರುಗಳೇ, ಬೆನ್ನುಮೂಳೆಯ ಪ್ರಾಣಿಗಳ ಪಾಠವೊಂದನ್ನು ನಾನು ಮಕ್ಕಳಿಗೆ ಹೇಳದೆ ಬಿಡಬಹುದೇ?" ಎಂದು ಮಹಾಂತಯ್ಯ ಕೇಳಿದ.

ಮರುದಿನ ಅವನು ಬೇರೊಂದು ಊರಿಗೆ ಪಾಠ ಹೇಳಲು ಹೊರಡುವವನಿದ್ದ. ಮೀನಿನ ಈಜುರೆಕ್ಕೆಯೇ ಕೋಟ್ಯಂತರ ವರ್ಷಗಳಲ್ಲಿ ಕಪ್ಪೆಗೆ ಕಾಲಾಯಿತು, ಹಕ್ಕಿಗೆ ರೆಕ್ಕೆಯಾಯಿತು, ನಮಗೆ ಕೈಯಾಯಿತು ಎಂದರೆ ಅಲ್ಲಿಯವರು ಸುಮ್ಮನಿರುತ್ತಾರೆಯೇ? ನಾಯಿ, ಕೋತಿಗಳನ್ನು ನೆಂಟರೆನ್ನುವುದು ಮನುಷ್ಯನಿಗೆ ಅವಮಾನವಲ್ಲವೇ? ನಿಜ ಹೇಳಬೇಕೆಂದರೆ ತನಗೂ ಅದು ಹಿಡಿಸುವುದಿಲ್ಲ ಎಂದ.

ಗುರುಗಳ ಮುಖ ಕೆಂಪಾಯಿತು. ಕೂತುಕೋ ಎಂದು ಗದರಿ, ಕತೆ ಹೇಳಿದರು.

ಒಂದೂರಿನಲ್ಲಿ ಮೂಳೆ ಕಟ್ಟುವ ವೈದ್ಯನೊಬ್ಬನಿದ್ದ. ಅವನ ಮನೆಯಲ್ಲೊಂದು ಗೋಣಿಚೀಲ. ಅದರ ತುಂಬ ಸತ್ತ ಪ್ರಾಣಿಗಳ ಮುಂಗಾಲಿನ ಮೂಳೆಗಳು. ಮೇಕೆಯದು, ನಾಯಿಯದು, ಕೋತಿಯದು, ಕಪ್ಪೆಯದು, ಕೋಳಿಯ ರೆಕ್ಕೆಯದೂ ಇತ್ತು. ವಿದ್ಯೆ ಕಲಿಯಲು ಬಂದವನು ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಬೇಕು, ಸಿಕ್ಕಿದ್ದು ಯಾವುದರದೆಂದು ಹೇಳಬೇಕು. ಮೇಲೆ ಒಂದು ಮೂಳೆ, ಕೆಳಗೆ ಎರಡು, ಆಮೇಲೆ ಮಣಿಕಟ್ಟಿನ ಹರಳುಗಳು, ಆಮೇಲೆ ಬೆರಳು. ಎಲ್ಲದರಲ್ಲೂ ಅದೇ ವರಸೆ. ಆದರೆ ಮೇಕೆಯಲ್ಲಿ ಆ ಎರಡು ಮೂಳೆ ಬೆಸೆದುಕೊಂಡಿವೆ, ಅದರ ಕಾಲು ಹೊರಳದು. ಕೋತಿಯಲ್ಲಿ ಬಿಡಿಬಿಡಿಯಾಗಿವೆ, ಅದಕ್ಕೇ ಅಂಗೈ ಮಗುಚುತ್ತದೆ. ಇಷ್ಟನ್ನು ಬೆರಳಿನಿಂದಲೇ ಅರಿತವನಿಗೆ ಮಾತ್ರ ಮನುಷ್ಯನನ್ನು ಮುಟ್ಟಲು ಅಪ್ಪಣೆ.

ಊರಿನ ದಣಿ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡ. ವೈದ್ಯ ಕಟ್ಟಿದ, ಚೆನ್ನಾಗಿ ಕೂಡಿತು. ದಣಿ ಮೆಚ್ಚಿ, ಈ ವಿದ್ಯೆ ಯಾರಿಂದ ಕಲಿತೆ ಎಂದು ಹತ್ತು ಜನರ ಎದುರು ಕೇಳಿದ. ವೈದ್ಯನಿಗೆ ಮುಚ್ಚುಮರೆ ಗೊತ್ತಿಲ್ಲ. ಕೋತಿಯಿಂದ ಎಂದುಬಿಟ್ಟ. ಜನ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು. ದಣಿ ಉರಿದುಬಿದ್ದ, ಚೀಲ ತರಿಸಿ ಅಂಗಳದಲ್ಲೇ ಸುಡಿಸಿದ.

ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ. ಬಡಗಿಯಿಂದ ಮನುಷ್ಯನ ಬೊಂಬೆ ಕೆತ್ತಿಸಿ, ಇನ್ನು ಇದರ ಮೇಲೆಯೇ ಕಲಿಯಿರಿ ಎಂದು ವೈದ್ಯನ ಶಿಷ್ಯರಿಗೆ ಒಪ್ಪಿಸಿದ. ಬಡಗಿಗೆ ಒಳಗಿನದೇನು ಗೊತ್ತು ಪಾಪ, ಮುಂಗೈಗೆ ಒಂದೇ ಕೋಲು ಹಾಕಿದ್ದ. ಎರಡಿರಬೇಕು ದಣಿ ಎಂದು ವೈದ್ಯ ಅಂಗಲಾಚಿದ. ದಣಿ ತನ್ನ ತೋಳು ಚಾಚಿ, ಎರಡನೆಯದು ಎಲ್ಲಿದೆ ತೋರಿಸು ಎಂದು ಗೇಲಿ ಮಾಡಿದ. ಇನ್ನು ನೀನು ಯಾರಿಗೂ ಪಾಠ ಹೇಳಕೂಡದು ಎಂದು ಕಟ್ಟಪ್ಪಣೆ ಮಾಡಿದ. ಊರ ಹಿರಿಯರು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಥೂ, ಅವರ ಹಿರಿತನಕ್ಕಿಷ್ಟು! ವೈದ್ಯನಿಗೆ ಮೈಯೆಲ್ಲ ಉರಿಯಿತು. ಬಡವನ ಕೋಪ ದವಡೆಗೆ ಮೂಲ ಎಂದು ಹೆಂಡತಿ ಅವನನ್ನು ಎಳೆದುಕೊಂಡು ಮನೆಗೆ ಹೋದಳು.

ಹತ್ತು ವರ್ಷ ಕಳೆಯಿತು. ದಣಿಯ ಮೊಮ್ಮಗಳು ಜೋಕಾಲಿಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ಬೊಂಬೆಯ ಮೇಲೆ ಕಲಿತವರು ಓಡಿಬಂದರು. ಎರಡು ಮೂಳೆಯನ್ನೂ ಒಂದೇ ಎಂದು ತಿಳಿದು ಒತ್ತಿ ಬಿಗಿದರು. ಕಟ್ಟು ಬಿಚ್ಚಿದಾಗ ಕೈ ನೋಡಲು ನೆಟ್ಟಗಿತ್ತು. ಆದರೆ ಅಂಗೈ ಮೇಲಾಗಲಿಲ್ಲ. ಮಗು ತುತ್ತು ಎತ್ತಿದರೆ ಅನ್ನ ನೆಲಕ್ಕೆ ಬೀಳುತ್ತಿತ್ತು.

ಆಗ ದಣಿಗೆ ಹಳೆಯ ವೈದ್ಯನ ನೆನಪಾಯಿತು. ಮುದುಕ ಬಂದು ಮಗುವಿನ ಕೈಯನ್ನು ತಡವಿ ನೋಡಿದ. ಸಿಟ್ಟಿನಿಂದ ಅವನ ಕಣ್ಣಲ್ಲಿ ನೀರು ಬಂತು.

"ಸರಿಮಾಡುತ್ತೀಯಾ?" ಎಂದ ದಣಿ.

"ಆಗದು. ಎರಡೂ ಬೆಸೆದುಹೋಗಿವೆ. ಮಗುವಿನ ಕೈಯನ್ನು ಮೇಕೆಯ ಕಾಲು ಮಾಡಿದ್ದಾರೆ, ದಣಿ. ಮೇಕೆಯ ಕಾಲನ್ನು ಒಮ್ಮೆ ಮುಟ್ಟಿ ಕಲಿತವನು ಹೀಗೆ ಮಾಡುತ್ತಿರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ ಏನೋ ಹೇಳಲು ಬಾಯಿ ತೆರೆದ.

"ಆಗಲಿ, ಬಿಟ್ಟುಬಿಡು ಆ ಪಾಠವನ್ನು, ನಿನ್ನ ಮಾನ ಉಳಿಯಲಿ, ಹೋಗುವುದು ಮಕ್ಕಳ ಕೈ ತಾನೇ" ಎಂದರು ಗುರುಗಳು.