ಅಳಿಸಿದ ಅಳತೆ

ದಾವಣಗೆರೆಯ ಅನಸೂಯಮ್ಮ ಸ್ಪೀಕರುಗಳ ದನಿಯನ್ನು ಯಂತ್ರವಿಟ್ಟು ಅಳೆದು, ಯಾವುದು ಹೇಗಿದೆ ಎಂದು ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದಳು. ಕಂಪನಿಗಳಿಂದ ಬಿಡಿಗಾಸೂ ಮುಟ್ಟುತ್ತಿರಲಿಲ್ಲ. ಓದುಗರೇ ತಮ್ಮ ಸ್ಪೀಕರುಗಳನ್ನು ಬಸ್ಸಿಗೆ ಹಾಕಿ ಕಳಿಸಿಕೊಡುತ್ತಿದ್ದರು.

ಒಂದು ದಿನ ಡೀಲರ್ ಮುರುಗೇಂದ್ರಪ್ಪ ಬಾಗಿಲಲ್ಲೇ ನಿಂತು ಗುಡುಗಿದ. "ನಮ್ಮ ಸ್ಪೀಕರಿನ ದನಿ ಒಡೆಯುತ್ತೆ ಅಂತ ಬರೆದೀಯಲ್ಲಮ್ಮ! ಅಳಿಸು. ಇಲ್ಲಾಂದ್ರೆ ಕೋರ್ಟಿಗೆ ಎಳೀತೀನಿ. ಮನೆ ಮಾರಿದ್ರೂ ಸಾಲಲ್ಲ ನಿಂಗೆ."

ಅನಸೂಯಮ್ಮ ಕಂಪ್ಯೂಟರ್ ತೆರೆದು ನೋಡಿದಳು. ಅಳತೆ ನಿಜ. ಆದರೆ ವಕೀಲರನ್ನಿಡುವ ಶಕ್ತಿ ಅವಳಿಗಿರಲಿಲ್ಲ.

"ಆಗಲಿ ಅಣ್ಣಾರೆ, ನಿಮ್ಮೆದುರಿಗೇ ಅಳಿಸ್ತೀನಿ" ಎಂದು ಅಳಿಸಿದಳು. ಆ ಜಾಗದಲ್ಲಿ ಒಂದೇ ಸಾಲು ಬರೆದಳು: "ಡೀಲರ್ ಮನೆಗೆ ಬಂದು ಹೇಳಿದ್ದರಿಂದ ಈ ಸ್ಪೀಕರಿನ ಅಳತೆ ತೆಗೆದಿದ್ದೇನೆ."

"ಇದರಲ್ಲಿ ಸುಳ್ಳಿದ್ರೆ ಹೇಳಿ" ಎಂದಳು.

ಮುರುಗೇಂದ್ರಪ್ಪ ಎರಡು ಸಲ ಓದಿದ. ಸುಳ್ಳು ಕಾಣಲಿಲ್ಲ. ಮೀಸೆ ತಿರುವುತ್ತ ಹೋದ.

ಓದಿದವರು ಸುಮ್ಮನಿರುತ್ತಾರೆಯೇ? ಒಬ್ಬ, ಅದರೊಳಗೆ ಬೆಂಕಿ ಹತ್ತುತ್ತಂತೆ ಎಂದ. ಇನ್ನೊಬ್ಬ, ಕಿವಿಯೇ ಹೋಗುತ್ತಂತೆ ಎಂದ. ಕೊಂಡವರೂ ಮುರುಗೇಂದ್ರಪ್ಪನ ಅಂಗಡಿಗೆ ವಾಪಸ್ಸು ತಂದರು.

ವಾರ ಕಳೆಯುವುದರೊಳಗೆ ಮುರುಗೇಂದ್ರಪ್ಪ ಮತ್ತೆ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದ.

"ಅಕ್ಕಾರೆ, ಆ ಅಳತೆ ಮತ್ತೆ ಹಾಕಿಬಿಡ್ರಿ. ದನಿ ಒಡೆಯುತ್ತೆ ಅಂತಲೇ ಇರಲಿ. ತೀರಾ ಜೋರು ಮಾಡಿದಾಗ ಮಾತ್ರ ಒಡೆಯುತ್ತೆ ಅಂತ ನೀವೇ ಬರೆದಿದ್ರಂತಲ್ಲ?"

"ಬರೆದಿದ್ದೆ. ನೀವು ಅಲ್ಲೀತನಕ ಓದಿರಲಿಲ್ಲ" ಎಂದಳು ಅನಸೂಯಮ್ಮ.

ಅಳತೆಯನ್ನು ಇದ್ದ ಹಾಗೇ ಹಾಕಿದಳು. ಅವನು ಕೈಮುಗಿದು ಹೋದ. ಅವಳಿಗೆ ಮಾತ್ರ ನಗು ಬರಲಿಲ್ಲ. ಮುಂದೆ ಬರುವವನು ಪೂರ್ತಿ ಓದಿಕೊಂಡೇ ಬರುತ್ತಾನೆ, ಜೊತೆಗೆ ವಕೀಲನನ್ನೂ ಕರೆತರುತ್ತಾನೆ ಎಂದುಕೊಳ್ಳುತ್ತ ಬಾಗಿಲಿಗೆ ಚಿಲಕ ಹಾಕಿದಳು.